ಮಳೆ ನಿಂತರೆ ಅದು ಶಿಕ್ಷೆಯೇ? ಎಲೀಯನ ಬರದ ಕಥೆ

ಪ್ರಶ್ನೆ: ನಾನು ಬೈಬಲನ್ನು ಕುತೂಹಲಕ್ಕೆ ಓದುತ್ತಿದ್ದೇನೆ. ಹಳೆ ಒಡಂಬಡಿಕೆಯಲ್ಲಿ ಎಲೀಯ ಎಂಬ ಪ್ರವಾದಿ ಮಳೆ ನಿಲ್ಲಿಸುವ ಕಥೆ ಓದಿ ಗಲಿಬಿಲಿಯಾಯಿತು. ತಪ್ಪು ಮಾಡಿದ್ದು ರಾಜ, ರಾಣಿ. ಹಸಿವಿನಿಂದ ಒದ್ದಾಡುವುದು ಬಡವರು. ಇದೆಂಥ ನ್ಯಾಯ? ಅಷ್ಟು ಬರದಲ್ಲೂ ಕರ್ಮೆಲ್ ಬೆಟ್ಟದ ಮೇಲೆ ಹನ್ನೆರಡು ಕೊಡ ನೀರು ಸುರಿದರಂತೆ, ಅದು ಎಲ್ಲಿಂದ ಬಂತು? ಎಲ್ಲಾದರೂ ಪ್ರವಾಹ, ಭೂಕಂಪ ಆದಾಗ ಇಂಥ ಕಥೆ ತೋರಿಸಿ 'ಇದು ದೇವರ ತೀರ್ಪು' ಅನ್ನುವವರಿದ್ದಾರೆ. ಗ್ರಂಥ ನಿಜವಾಗಿ ಹಾಗೆ ಹೇಳುತ್ತದೆಯೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನು ನಿಮಗಿಂತ ಮುಂಚೆ ಒಬ್ಬ ಕೇಳಿದ್ದಾನೆ. ಅವನು ಎಲೀಯನೇ. ಅದೇ ಕಥೆಯೊಳಗೆ, ದೇವರನ್ನೇ ನೇರವಾಗಿ ಕೇಳುತ್ತಾನೆ. ಅಲ್ಲಿಗೆ ಬರುವ ಮುಂಚೆ ಆ ನೆಲ ಎಂಥದ್ದು, ಆ ಮಳೆ ಎಂಥದ್ದು ಅಂತ ಸ್ವಲ್ಪ ತಿಳಿದಿರಬೇಕು. ಇಲ್ಲದಿದ್ದರೆ ಇದು ಸುಮ್ನೆ ಒಬ್ಬ ಕೋಪಿಷ್ಠ ದೇವರ ಕಥೆಯಾಗಿ ಕಾಣುತ್ತದೆ.

ಇಸ್ರಾಯೇಲಿನ ಗುಡ್ಡಗಾಡಿನಲ್ಲಿ ದೊಡ್ಡ ನದಿ ಇಲ್ಲ. ಯೊರ್ದನ್ ಹೊಳೆ ಇದೆ, ಆದರೆ ಅದು ಹರಿಯುವುದು ಸಮುದ್ರ ಮಟ್ಟಕ್ಕಿಂತ ಕೆಳಗಿನ ಕಣಿವೆಯಲ್ಲಿ. ಗುಡ್ಡದ ಮೇಲಿನ ರೈತನಿಗೆ ಅದರ ನೀರು ಸಿಗುವುದಿಲ್ಲ. ಅವನಿಗೆ ಇರುವುದು ಮಳೆ, ಇಬ್ಬನಿ, ಅಲ್ಲೊಂದು ಇಲ್ಲೊಂದು ಒರತೆ, ಬಂಡೆ ಕೊರೆದು ಗಾರೆ ಮೆತ್ತಿದ ತೊಟ್ಟಿ. ಮೇ ಕಳೆದರೆ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ಒಂದು ಹನಿಯೂ ಬೀಳುವುದಿಲ್ಲ. ಅಲ್ಲಿನ ಮುಂಗಾರು ಅಕ್ಟೋಬರ್-ನವೆಂಬರ್‌ನಲ್ಲಿ. ಅದು ಬಿದ್ದು, ಸುಟ್ಟು ಗಟ್ಟಿಯಾದ ನೆಲ ಸಡಿಲವಾದರೆ ಮಾತ್ರ ಉಳುಮೆ. ಹಿಂಗಾರು ಮಾರ್ಚ್-ಏಪ್ರಿಲ್‌ನಲ್ಲಿ. ಅದು ಬಿದ್ದರೆ ಗೋಧಿ ಕಾಳು ಕಟ್ಟುತ್ತದೆ. ನಡುವಿನ ಚಳಿಗಾಲದ ಮಳೆ ತೊಟ್ಟಿಗಳನ್ನು ತುಂಬಿಸಬೇಕು. ಜೆರೂಸಲೇಮಿಗೆ ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ. ಅದೂ ಸರಿಯಾದ ಹೊತ್ತಿಗೆ ಬಂದರೆ.

ಬೈಬಲಿನ ಧರ್ಮೋಪದೇಶಕಾಂಡ ಎಂಬ ಪುಸ್ತಕದ 11ನೇ ಅಧ್ಯಾಯದಲ್ಲಿ, ಜನರನ್ನು ಐಗುಪ್ತದಿಂದ (ಈಜಿಪ್ಟ್) ಕರೆತಂದ ಮೋಶೆ ಅವರಿಗೆ ಇದನ್ನೇ ಬಿಡಿಸಿ ಹೇಳುತ್ತಾನೆ. ನೀವು ಬಿಟ್ಟು ಬಂದ ಐಗುಪ್ತದಲ್ಲಿ ತರಕಾರಿ ತೋಟಕ್ಕೆ ಹಾಯಿಸುವ ಹಾಗೆ ಕಾಲಿನಿಂದಲೇ ನೀರು ಹಾಯಿಸುತ್ತಿದ್ದಿರಿ. ಬಹುಶಃ ಕಾಲಲ್ಲಿ ಮಣ್ಣು ಸರಿಸಿ ಪಾತಿಯಿಂದ ಪಾತಿಗೆ ನೀರು ತಿರುಗಿಸುವ ಕೆಲಸ ಅದು. ನೀವು ಹೋಗುವ ನೆಲ ಹಾಗಲ್ಲ. ಅದು ಬೆಟ್ಟ ಕಣಿವೆಗಳ ನೆಲ, ಆಕಾಶದ ಮಳೆಯನ್ನೇ ಕುಡಿಯುವ ನೆಲ. ಬೇರೆ ದೇವರುಗಳ ಹಿಂದೆ ಹೋದರೆ ಆಕಾಶ ಮುಚ್ಚಿಹೋಗುತ್ತದೆ. ಈ ಕೊನೆಯ ಭಾಗವನ್ನು ಆಚಾರವಂತ ಯೆಹೂದ್ಯರು ಇವತ್ತಿಗೂ ದಿನಕ್ಕೆ ಎರಡು ಸಲ ಪ್ರಾರ್ಥನೆಯಲ್ಲಿ ಹೇಳುತ್ತಾರೆ. ಅಂದರೆ ಮಳೆ ಅನ್ನುವುದು ಅವರಿಗೆ ಹವಾಮಾನದ ಸುದ್ದಿ ಮಾತ್ರ ಆಗಿರಲಿಲ್ಲ. ನಮ್ಮ ಮತ್ತು ದೇವರ ಸಂಬಂಧ ಹೇಗಿದೆ ಅನ್ನುವುದು ಆಕಾಶ ನೋಡಿದರೆ ತಿಳಿಯುತ್ತದೆ ಎಂಬ ನಂಬಿಕೆ ಅದು. ಇದು ದೊಡ್ಡ ನಂಬಿಕೆ. ಅಪಾಯದ ನಂಬಿಕೆಯೂ ಹೌದು. ಆ ಅಪಾಯ ಗ್ರಂಥಕ್ಕೇ ಗೊತ್ತಿತ್ತು ಅನ್ನುವುದನ್ನು ಮುಂದೆ ತೋರಿಸುತ್ತೇನೆ.

ಈಗ, ಎಲೀಯನ ಕಾಲದ ಜನ ಇಸ್ರಾಯೇಲಿನ ದೇವರ ಜೊತೆಗೆ ಪೂಜಿಸುತ್ತಿದ್ದ ಬಾಳ್ ದೇವರ ವಿಷಯ. 1928ರಲ್ಲಿ ಸಿರಿಯಾದ ಕರಾವಳಿಯಲ್ಲಿ ಒಬ್ಬ ರೈತನ ನೇಗಿಲಿಗೆ ಹಳೆಯ ಗೋರಿಯೊಂದು ಸಿಕ್ಕಿತು. ಮರುವರ್ಷ ಕ್ಲೋಡ್ ಶೆಫರ್ ಎಂಬ ಫ್ರೆಂಚ್ ಪುರಾತತ್ವಜ್ಞರು ಹತ್ತಿರದ ರಾಸ್ ಶಮ್ರಾ ದಿಬ್ಬದಲ್ಲಿ ಉತ್ಖನನ ಶುರು ಮಾಡಿದರು. ಅಲ್ಲಿ ಉಗಾರಿತ್ ಎಂಬ ಪಟ್ಟಣ ಹೂತಿತ್ತು. ಎಲೀಯನ ಕಾಲಕ್ಕಿಂತ ಮುನ್ನೂರು ವರ್ಷ ಮೊದಲೇ, ಕ್ರಿ.ಪೂ. 1185ರ ಸುಮಾರಿಗೆ ಅದು ಹಾಳಾಗಿತ್ತು. ಅಲ್ಲಿನ ಮಣ್ಣಿನ ಹಲಗೆಗಳಲ್ಲಿ ಬಾಳ್ ದೇವರ ಕಥೆ ಸಿಕ್ಕಿತು. ಅದಕ್ಕೂ ಮುಂಚೆ ಬಾಳ್ ಬಗ್ಗೆ ನಮಗೆ ಗೊತ್ತಿದ್ದದ್ದು ಹೆಚ್ಚಾಗಿ ಅವನ ವಿರೋಧಿಗಳು ಬರೆದದ್ದು. ಈ ಹಲಗೆಗಳಲ್ಲಿ ಅವನ ಭಕ್ತರ ಮಾತೇ ಇದೆ.

ಅವರಿಗೆ ಬಾಳ್ ಮೋಡಗಳ ಮೇಲೆ ಸವಾರಿ ಮಾಡುವವನು. ಗುಡುಗು ಅವನ ದನಿ, ಸಿಡಿಲು ಅವನ ಆಯುಧ. ಕಥೆಯಲ್ಲಿ ಅವನು ಮೃತ್ಯುದೇವತೆ ಮೋತ್‌ನ ಬಾಯಿಗೆ ಇಳಿಯುತ್ತಾನೆ. ಹೋಗುವಾಗ ಮೋಡ, ಗಾಳಿ, ಮಳೆ ಎಲ್ಲ ಜೊತೆಗೆ ಕೊಂಡೊಯ್ಯುತ್ತಾನೆ. ಹಿರಿಯ ದೇವರು ಏಲ್ ದುಃಖದಲ್ಲಿ ತನ್ನ ಕೆನ್ನೆ ಗಲ್ಲ ಕೊಯ್ದುಕೊಳ್ಳುತ್ತಾನೆ. ಆಮೇಲೆ ಒಂದು ಕನಸು. ಆಕಾಶದಿಂದ ಎಣ್ಣೆ ಸುರಿಯುತ್ತಿದೆ, ಹಳ್ಳಗಳಲ್ಲಿ ಜೇನು ಹರಿಯುತ್ತಿದೆ. ಹಾಗಾದರೆ ಬಾಳ್ ಬದುಕಿದ್ದಾನೆ! ಇದೇ ಪಟ್ಟಣದ ಇನ್ನೊಂದು ಕಥೆಯಲ್ಲಿ ಮಗನನ್ನು ಕಳೆದುಕೊಂಡ ದಾನೇಲ್ ಎಂಬ ಹಿರಿಯ ನೆಲಕ್ಕೆ ಶಾಪ ಹಾಕುತ್ತಾನೆ: ಏಳು ವರ್ಷ, ಎಂಟು ವರ್ಷ ಬಾಳ್ ಬಾರದೆ ಹೋಗಲಿ, ಇಬ್ಬನಿ ಇಲ್ಲ, ಮಳೆ ಇಲ್ಲ, ಬಾಳ್‌ನ ಇಂಪಾದ ದನಿಯೂ ಇಲ್ಲ.

ಇದನ್ನು ತಲೆಯಲ್ಲಿಟ್ಟುಕೊಂಡು 1 ಅರಸುಗಳು 17ನೇ ಅಧ್ಯಾಯದ ಮೊದಲ ವಾಕ್ಯ ಓದಿ. ಎಲೀಯ ಎಲ್ಲಿಂದಲೋ ಬಂದು ರಾಜ ಅಹಾಬನ ಎದುರು ನಿಂತು ಹೇಳುತ್ತಾನೆ: ಇಸ್ರಾಯೇಲಿನ ದೇವರಾದ ಯೆಹೋವನ ಆಣೆ, ನಾನು ಹೇಳುವ ತನಕ ಈ ವರ್ಷಗಳಲ್ಲಿ ಇಬ್ಬನಿಯೂ ಇಲ್ಲ, ಮಳೆಯೂ ಇಲ್ಲ. ಇಬ್ಬನಿ, ಮಳೆ ಎರಡನ್ನೂ ಹೆಸರಿಸಿದ್ದು ಸುಮ್ಮನೆ ಅಲ್ಲ. ಬಾಳ್‌ನ ಇಡೀ ಖಾತೆಗೇ ಕೈ ಹಾಕಿದ್ದಾನೆ.

ಅಹಾಬ ಕ್ರಿ.ಪೂ. 9ನೇ ಶತಮಾನದವನು, ಉತ್ತರ ಇಸ್ರಾಯೇಲಿನ ರಾಜ. ಹೆಂಡತಿ ಈಜೆಬೆಲ್, ಸೀದೋನ್ಯರ ರಾಜ ಎತ್ಬಾಳನ ಮಗಳು. ಅಹಾಬ ತನ್ನ ರಾಜಧಾನಿ ಸಮಾರ್ಯದಲ್ಲಿ ಬಾಳ್‌ಗೆ ಗುಡಿ ಕಟ್ಟಿಸಿದ. ಹಾಗಂತ ಯೆಹೋವನನ್ನು ಪೂರ್ತಿ ಬಿಟ್ಟವನೂ ಅಲ್ಲ. ಮಕ್ಕಳಾದ ಅಹಜ್ಯ, ಯೋರಾಮರ ಹೆಸರಿನಲ್ಲಿ ಯೆಹೋವನ ಹೆಸರೇ ಸೇರಿದೆ. ಜನರೂ ಹೀಗೇ ಇದ್ದರು. ಸಮಾರ್ಯದಲ್ಲಿ 1910ರಲ್ಲಿ ಸಿಕ್ಕ ಮಡಕೆ ಚೂರುಗಳ ಮೇಲೆ ದ್ರಾಕ್ಷಾರಸ, ಎಣ್ಣೆಯ ಲೆಕ್ಕ ಬರೆದಿದೆ. ಅವು ಅಹಾಬನ ನಂತರದ ಶತಮಾನದವು. ಅಲ್ಲಿನ ಜನರ ಹೆಸರುಗಳಲ್ಲಿ ಕೆಲವು ಯೆಹೋವನ ಹೆಸರಿಟ್ಟುಕೊಂಡವು, ಕೆಲವು ಬಾಳ್‌ನ ಹೆಸರಿಟ್ಟುಕೊಂಡವು. ಯುದ್ಧಕ್ಕೆ ಯೆಹೋವ, ಬೆಳೆಗೆ ಬಾಳ್. ರೈತ ಯಾವ ದೇವರನ್ನೂ ಎದುರು ಹಾಕಿಕೊಳ್ಳಲು ಬಯಸುವುದಿಲ್ಲ ಅಲ್ವಾ? ಹಾಗಾಗಿ ಈ ಬರದ ಹಿಂದಿನ ಪ್ರಶ್ನೆ 'ಯಾರು ಪಾಪ ಮಾಡಿದರು' ಅನ್ನುವುದಕ್ಕಿಂತ 'ಮಳೆ ಯಾರದ್ದು' ಅನ್ನುವುದು. ನನ್ನ ಓದಿನಲ್ಲಿ ಇಡೀ ಕಥೆ ನಿಂತಿರುವುದು ಇದರ ಮೇಲೆ.

ಈ ಬರ ನಿಜವಾಗಿ ಆಯಿತೇ? ಒಂದು ಆಸಕ್ತಿಕರ ಸಾಕ್ಷಿ ಇದೆ. ಒಂದನೇ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್, ಮೆನಾಂಡರ್ ಎಂಬ ಹಳೆಯ ಬರಹಗಾರನ ಮಾತನ್ನು ಉಲ್ಲೇಖಿಸುತ್ತಾನೆ. ಈಜೆಬೆಲಳ ತಂದೆಯ ಆಳ್ವಿಕೆಯಲ್ಲಿ ಒಂದು ವರ್ಷ ಮಳೆ ಬರಲಿಲ್ಲ, ರಾಜ ಪ್ರಾರ್ಥಿಸಿದ ಮೇಲೆ ಗುಡುಗು ಸಿಡಿಲು ಬಂತು ಅಂತ. ಹೀಬ್ರೂ ಕಥೆ ಮೂರನೇ ವರ್ಷದಲ್ಲಿ ಮಳೆ ಬಂತು ಅನ್ನುತ್ತದೆ. ಮೂರೂವರೆ ವರ್ಷ ಅನ್ನುವ ಲೆಕ್ಕ ಬಂದದ್ದು ಹೊಸ ಒಡಂಬಡಿಕೆಯಲ್ಲಿ. ಒಂದೇ ಬರವನ್ನು ಎರಡು ಊರಿನವರು ಎರಡು ಬಗೆಯಾಗಿ ನೆನಪಿಟ್ಟುಕೊಂಡಿರಬಹುದು. ಮಳೆ ತರಿಸಿದ ಹೆಮ್ಮೆ ಇಬ್ಬರಿಗೂ ಬೇಕಿತ್ತು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಬಡವರು ಯಾಕೆ ಸಾಯಬೇಕು?

ಬರ ಸಾರಿದ ಎಲೀಯ ಯೊರ್ದನ್ ಆಚೆಗಿನ ಕೆರೀತ್ ಹಳ್ಳದ ಬಳಿ ಅಡಗುತ್ತಾನೆ. ಕಾಗೆಗಳು ರೊಟ್ಟಿ, ಮಾಂಸ ತಂದುಕೊಡುತ್ತವೆ. ಕುಡಿಯಲು ಹಳ್ಳದ ನೀರು. ಸ್ವಲ್ಪ ದಿನಕ್ಕೆ ಆ ಹಳ್ಳವೂ ಬತ್ತುತ್ತದೆ. ಕಾರಣ, ದೇಶದಲ್ಲಿ ಮಳೆ ಇಲ್ಲ. ಈ ವಾಕ್ಯವನ್ನು ಎಷ್ಟೋ ಜನ ಓದಿ ಮುಂದೆ ಹೋಗುತ್ತಾರೆ. ನಾನು ಇಲ್ಲಿ ನಿಲ್ಲುತ್ತೇನೆ. ತೀರ್ಪು ಸಾರಿದವನ ಹಳ್ಳಕ್ಕೂ ರಿಯಾಯಿತಿ ಇಲ್ಲ. ಅವನೂ ಅದೇ ಬರದಲ್ಲಿ ಬಾಯಾರಬೇಕು.

ಆಮೇಲೆ ದೇವರು ಅವನನ್ನು ಕಳಿಸುವುದು ಸೀದೋನಿನ ಚಾರೆಪ್ತಕ್ಕೆ. ಅದು ಈಜೆಬೆಲಳ ತವರಿನ ಸೀಮೆ, ಬಾಳ್‌ನ ಸ್ವಂತ ನಾಡು. ಊರ ಬಾಗಿಲಲ್ಲಿ ಒಬ್ಬ ವಿಧವೆ ಸೌದೆ ಆಯುತ್ತಿದ್ದಾಳೆ. ನೀರು ಕೇಳುತ್ತಾನೆ, ತರಲು ಹೊರಡುತ್ತಾಳೆ. ಒಂದು ತುಂಡು ರೊಟ್ಟಿಯನ್ನೂ ತಾ ಅನ್ನುತ್ತಾನೆ. ಆಗ ಅವಳು ನಿಲ್ಲುತ್ತಾಳೆ. ಮಡಕೆಯಲ್ಲಿ ಒಂದು ಹಿಡಿ ಹಿಟ್ಟಿದೆ, ಕುಡಿಕೆಯಲ್ಲಿ ಸ್ವಲ್ಪ ಎಣ್ಣೆ ಇದೆ, ಎರಡು ಕಡ್ಡಿ ಸೌದೆ ಆಯ್ದು ನನಗೂ ಮಗನಿಗೂ ಸುಟ್ಟುಕೊಂಡು ತಿಂದು ಸಾಯುತ್ತೇವೆ. ಇಷ್ಟೇ ಅವಳ ಮಾತು. ಇದರಲ್ಲಿ ದೂರು ಕೂಡ ಇಲ್ಲ. ಎಲೀಯ ಹೆದರಬೇಡ ಅನ್ನುತ್ತಾನೆ. ಮಳೆ ಬರುವ ದಿನದವರೆಗೆ ಹಿಟ್ಟು ತೀರುವುದಿಲ್ಲ, ಎಣ್ಣೆ ಮುಗಿಯುವುದಿಲ್ಲ. ಬಾಳ್ ಬದುಕಿದ್ದರೆ ಆಕಾಶದಿಂದ ಎಣ್ಣೆ ಸುರಿಯುತ್ತದೆ ಅಂತ ಉಗಾರಿತ್‌ನ ಕಥೆ ಹೇಳಿತ್ತು. ಇಲ್ಲಿ ಬಾಳ್‌ನ ನಾಡಿನಲ್ಲೇ, ಬಾಳ್‌ನ ಕೈ ಕಟ್ಟಿಹೋದ ಹೊತ್ತಿನಲ್ಲಿ, ಒಬ್ಬ ಬಡ ಹೆಂಗಸಿನ ಕುಡಿಕೆಯಲ್ಲಿ ಎಣ್ಣೆ ನಿಂತಿದೆ. ಅವಳು ಇಸ್ರಾಯೇಲಿನವಳೂ ಅಲ್ಲ.

ಆಮೇಲೆ ಅವಳ ಮಗ ಕಾಯಿಲೆ ಬಿದ್ದು ಸಾಯುತ್ತಾನೆ. ಆಗ ಅವಳು ಕೇಳುವ ಮಾತು ನೋಡಿ: 'ದೇವರ ಮನುಷ್ಯನೇ, ನನ್ನ ಪಾಪವನ್ನು ನೆನಪಿಗೆ ತಂದು ಮಗನನ್ನು ಸಾಯಿಸಲು ಬಂದೆಯಾ?' ಪ್ರವಾಹ ಬಂದಾಗ 'ಇದು ತೀರ್ಪು' ಅನ್ನುವವರ ಲೆಕ್ಕಾಚಾರ ಇದೇ ತಾನೆ? ಕೆಟ್ಟದ್ದು ಆಯಿತು, ಹಾಗಾದರೆ ಯಾರೋ ತಪ್ಪು ಮಾಡಿರಬೇಕು. ತಾಯಿ ಆ ಲೆಕ್ಕವನ್ನು ತನ್ನ ಮೇಲೇ ಹಾಕಿಕೊಂಡಿದ್ದಾಳೆ. ಮಳೆ ನಿಲ್ಲಿಸಿದ ಪ್ರವಾದಿ ಇಲ್ಲಿ ಏನು ಹೇಳಬೇಕಿತ್ತು? ಹೌದಮ್ಮಾ, ನಿನ್ನ ಪಾಪ ಅನ್ನಬಹುದಿತ್ತು. ಅವನು ಹಾಗೆ ಹೇಳುವುದಿಲ್ಲ. 'ಮಗನನ್ನು ಕೊಡು' ಅಂತ ಅವಳ ಮಡಿಲಿನಿಂದ ಎತ್ತಿಕೊಳ್ಳುತ್ತಾನೆ. ತಾನು ಉಳಿದುಕೊಂಡಿದ್ದ ಮೇಲಿನ ಕೋಣೆಗೆ ಒಯ್ದು ತನ್ನ ಹಾಸಿಗೆ ಮೇಲೆ ಮಲಗಿಸುತ್ತಾನೆ. ಆಮೇಲೆ ದೇವರ ಜೊತೆ ಜಗಳಕ್ಕೆ ನಿಲ್ಲುತ್ತಾನೆ: ನನಗೆ ಆಸರೆ ಕೊಟ್ಟ ಈ ವಿಧವೆಗೂ ಕೇಡು ಮಾಡಿದೆಯಾ? ಮೂರು ಸಲ ಹುಡುಗನ ಮೇಲೆ ಚಾಚಿ ಮಲಗಿ, ಈ ಮಗುವಿನ ಜೀವ ತಿರುಗಿ ಬರಲಿ ಅಂತ ಮೊರೆಯಿಡುತ್ತಾನೆ. ದೇವರು ಎಲೀಯನ ಮಾತು ಕೇಳಿದ ಅನ್ನುತ್ತದೆ ಕಥೆ. ಹುಡುಗ ಉಸಿರಾಡುತ್ತಾನೆ.

ನೀವು ಕೇಳಿದ 'ಇದೆಂಥ ನ್ಯಾಯ' ಅನ್ನುವ ಪ್ರಶ್ನೆಯೇ ಇದು. ಗ್ರಂಥ ಅದನ್ನು ಮುಚ್ಚಿಡಲಿಲ್ಲ. ಬರ ಸಾರಿದವನ ಬಾಯಿಂದಲೇ ಕೇಳಿಸಿದೆ. ಪೂರ್ತಿ ಉತ್ತರ ಕೊಟ್ಟಿದೆ ಅಂತ ನಾನು ಹೇಳಲಾರೆ. ಸಮಾರ್ಯದಲ್ಲಿ ಕ್ಷಾಮ ಘೋರವಾಗಿತ್ತು ಅಂತ ಮುಂದಿನ ಅಧ್ಯಾಯ ಒಂದೇ ಮಾತಲ್ಲಿ ಹೇಳಿ ಮುಗಿಸುತ್ತದೆ. ಅಲ್ಲಿ ಎಷ್ಟು ಮಕ್ಕಳು ಸತ್ತವೋ, ಅವಕ್ಕೆ ಎಲೀಯ ಸಿಗಲಿಲ್ಲ. ಆ ನೋವು ಕಥೆಯಲ್ಲಿ ಉಳಿದೇ ಇದೆ.

ರಾಜ ಏನು ಮಾಡುತ್ತಿದ್ದ? ಹುಲ್ಲು ಹುಡುಕುತ್ತಿದ್ದ. ಅರಮನೆಯ ಮೇಲ್ವಿಚಾರಕ ಓಬದ್ಯನನ್ನು ಕರೆದು, ನೀರಿನ ಒರತೆ, ಹಳ್ಳ ಎಲ್ಲ ನೋಡೋಣ, ಕುದುರೆ ಹೇಸರಗತ್ತೆಗಳನ್ನಾದರೂ ಉಳಿಸಿಕೊಳ್ಳೋಣ ಅನ್ನುತ್ತಾನೆ. ಅವನ ಚಿಂತೆಗೆ ಕಾರಣ ಇತ್ತು. ಅಸ್ಸೂರದ ದೊರೆ ಮೂರನೇ ಶಲ್ಮನೇಸರನ ಶಾಸನವೊಂದಿದೆ. ಕ್ರಿ.ಪೂ. 853ರಲ್ಲಿ ಕರ್ಕರ್ ಎಂಬಲ್ಲಿ ನಡೆದ ಯುದ್ಧಕ್ಕೆ ಇಸ್ರಾಯೇಲಿನ ಅಹಾಬ 2,000 ರಥ, 10,000 ಕಾಲಾಳು ತಂದಿದ್ದ ಅಂತ ಅದು ಬರೆಯುತ್ತದೆ. ಸಂಖ್ಯೆ ಜಾಸ್ತಿಯಾಯಿತು ಅನ್ನುವ ವಿದ್ವಾಂಸರಿದ್ದಾರೆ. ಆದರೂ ಕುದುರೆ ಸತ್ತರೆ ಸೈನ್ಯ ಸತ್ತಂತೆ. ಜನ ಹಸಿದಾಗ ರಾಜನ ಕಣ್ಣು ಲಾಯದ ಮೇಲಿದೆ. ಅದೇ ಹೊತ್ತಿಗೆ ಓಬದ್ಯ ಈಜೆಬೆಲಳಿಗೆ ತಿಳಿಯದಂತೆ ನೂರು ಪ್ರವಾದಿಗಳನ್ನು ಐವತ್ತೈವತ್ತರಂತೆ ಗವಿಗಳಲ್ಲಿ ಬಚ್ಚಿಟ್ಟು ರೊಟ್ಟಿ, ನೀರು ಕೊಟ್ಟು ಸಾಕುತ್ತಿದ್ದ. ಇವೆರಡನ್ನೂ ಕಥೆ ಪಕ್ಕಪಕ್ಕದಲ್ಲೇ ಇಟ್ಟಿದೆ.

ಕರ್ಮೆಲ್ ಬೆಟ್ಟದ ದೃಶ್ಯ ನೀವು ಓದಿದ್ದೀರಿ. ಬಾಳ್‌ನ 450 ಪ್ರವಾದಿಗಳು ಒಂದು ಕಡೆ, ಎಲೀಯ ಒಬ್ಬನೇ ಇನ್ನೊಂದು ಕಡೆ. ಎರಡು ದೋಣಿಯಲ್ಲಿ ಎಷ್ಟು ದಿನ ಕಾಲಿಡುತ್ತೀರಿ ಅಂತ ಜನರನ್ನು ಕೇಳುತ್ತಾನೆ. ಯಾರೂ ಬಾಯಿಬಿಡುವುದಿಲ್ಲ. ಬೆಂಕಿ ಕಳಿಸುವವನೇ ದೇವರು ಅಂತ ಪಂದ್ಯ. ಸಿಡಿಲಿನ ದೇವರಿಗೆ ಬೆಂಕಿ ಕಳಿಸುವುದು ಕಷ್ಟವಾಗಬಾರದು. ಆದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂಗಿದರೂ ದನಿ ಇಲ್ಲ, ಉತ್ತರ ಇಲ್ಲ. ಅವರು ಕತ್ತಿ ಈಟಿಗಳಿಂದ ಮೈ ಕೊಯ್ದುಕೊಳ್ಳುತ್ತಾರೆ. ಇದನ್ನು ಬರೀ ಹುಚ್ಚು ಅಂತ ಓದಿಬಿಡುವುದು ಸುಲಭ. ಬಾಳ್ ಸತ್ತಾಗ ಏಲ್ ಮೈ ಕೊಯ್ದುಕೊಂಡ ಕಥೆ ಗೊತ್ತಾದ ಮೇಲೆ ಇದು ಬೇರೆ ಥರ ಕಾಣುತ್ತದೆ. ಮಳೆ ನಿಂತಿದೆ, ಬಾಳ್ ಮೃತ್ಯುವಿನ ಬಾಯಲ್ಲಿದ್ದಾನೆ. ಅವರದ್ದು ದುಃಖದ ಆಚರಣೆ ಇರಬೇಕು. ನಮ್ಮ ಅನುಕಂಪಕ್ಕೆ ಅವರೂ ಅರ್ಹರು.

ಇನ್ನು ಹನ್ನೆರಡು ಕೊಡ ನೀರು. ಹಾಳುಬಿದ್ದಿದ್ದ ಯೆಹೋವನ ಬಲಿಪೀಠವನ್ನು ಎಲೀಯ ಹನ್ನೆರಡು ಕಲ್ಲಿಟ್ಟು ಎಬ್ಬಿಸುತ್ತಾನೆ, ಸುತ್ತ ಕಾಲುವೆ ತೋಡುತ್ತಾನೆ, ನಾಲ್ಕು ಕೊಡ ನೀರನ್ನು ಮೂರು ಸಲ ಸುರಿಸುತ್ತಾನೆ. ನೀರು ಎಲ್ಲಿಂದ ಬಂತು ಅಂತ ಗ್ರಂಥ ಹೇಳುವುದಿಲ್ಲ. ಕರ್ಮೆಲ್‌ನ ಒಂದು ತುದಿ ಸಮುದ್ರಕ್ಕೇ ಚಾಚಿದೆ, ಹಾಗಾಗಿ ಸಮುದ್ರದ ನೀರು ಅನ್ನುವವರಿದ್ದಾರೆ. ಆದರೆ ಈ ಘಟನೆ ನಡೆದ ಜಾಗ ಅಂತ ಸಂಪ್ರದಾಯ ತೋರಿಸುವ ಮುಹ್ರಕಾ ಬೆಟ್ಟದ ಇನ್ನೊಂದು ತುದಿಯಲ್ಲಿದೆ, ಅಲ್ಲಿಂದ ಸಮುದ್ರ ದೂರ. ಹತ್ತಿರದಲ್ಲಿ ಒಂದು ಒರತೆ ಇದೆ, ಅದೇ ಇರಬಹುದು ಅಂತ ಕೆಲವರ ವಾದ. ಬರದಲ್ಲಿ ಎಲ್ಲ ಒರತೆಗಳೂ ಒಮ್ಮೆಗೇ ಬತ್ತುವುದಿಲ್ಲ. ರಾಜ ಒರತೆ ಹುಡುಕುತ್ತಿದ್ದದ್ದೂ ಓಬದ್ಯ ಗವಿಗೆ ನೀರು ಒಯ್ಯುತ್ತಿದ್ದದ್ದೂ ಅದಕ್ಕೇ. ನನಗೆ ಒರತೆಯೇ ಸರಿ ಅನಿಸುತ್ತದೆ.

ಸೌದೆ ಒದ್ದೆ ಮಾಡಿ ಮೋಸ ಇಲ್ಲ ಅಂತ ತೋರಿಸಲು ನೀರು ಸುರಿದ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದು ಸರಿ. ಆದರೆ ಅದಕ್ಕಿಂತ ಜಾಸ್ತಿ ಇದೆ. ಮೂರನೇ ವರ್ಷದ ಬರದಲ್ಲಿ ನೀರಿಗಿಂತ ದುಬಾರಿ ಏನಿತ್ತು? ಅದನ್ನೇ ದೇವರ ಮುಂದೆ ಸುರಿದ, ಮಳೆ ಕೊಡು ಅಂತ. ಇದಕ್ಕೆ ಮುಂದೆ ಒಂದು ಸಂಪ್ರದಾಯವೂ ಇದೆ. ಜೆರೂಸಲೇಮಿನ ಎರಡನೇ ದೇವಾಲಯದಲ್ಲಿ ಸುಕ್ಕೋತ್ ಹಬ್ಬದ ದಿನಗಳಲ್ಲಿ ಸಿಲೋವಾಮ್ ಕೊಳದಿಂದ ನೀರು ತಂದು ಬಲಿಪೀಠದ ಮೇಲೆ ಸುರಿಯುತ್ತಿದ್ದರು. ಅದು ಬೇಸಿಗೆ ಮುಗಿದು ಮುಂಗಾರು ಬರಬೇಕಾದ ಹೊತ್ತು. ಮಿಷ್ನಾ ಎಂಬ ಯೆಹೂದ್ಯ ಕಾನೂನು ಸಂಗ್ರಹ ಆ ಹಬ್ಬದಲ್ಲಿ ಜಗತ್ತಿಗೆ ನೀರಿನ ತೀರ್ಪು ಆಗುತ್ತದೆ ಅನ್ನುತ್ತದೆ.

ಬೆಂಕಿ ಬೀಳುತ್ತದೆ, ಜನ ಯೆಹೋವನೇ ದೇವರು ಅಂತ ಕೂಗುತ್ತಾರೆ. ಆಮೇಲೆ ಎಲೀಯ ಬಾಳ್‌ನ ಪ್ರವಾದಿಗಳನ್ನು ಹಿಡಿಸಿ ಕೀಷೋನ್ ಹಳ್ಳದಲ್ಲಿ ಕೊಲ್ಲಿಸುತ್ತಾನೆ. ಇದನ್ನು ನಾನು ಮೃದು ಮಾಡಿ ಹೇಳಲಾರೆ. ಧರ್ಮೋಪದೇಶಕಾಂಡದ 13ನೇ ಅಧ್ಯಾಯದ ಕಾನೂನು ಹೀಗೇ ಇತ್ತು ಅಂತ ಸಮರ್ಥಿಸುವವರಿದ್ದಾರೆ. ಆದರೆ ಆ ವಾಕ್ಯದಲ್ಲಿ ದೇವರ ಆಜ್ಞೆ ಇಲ್ಲ, ಎಲೀಯನ ಆಜ್ಞೆ ಇದೆ. ಬೆಂಕಿ ಹೋರಿಯನ್ನು, ಸೌದೆಯನ್ನು, ಕಲ್ಲನ್ನು, ಕಾಲುವೆಯ ನೀರನ್ನು ಸುಟ್ಟಿತು. ಮನುಷ್ಯರನ್ನು ಮುಟ್ಟಲಿಲ್ಲ. ಮನುಷ್ಯರನ್ನು ಕೊಂದದ್ದು ಮನುಷ್ಯರು.

ಮಳೆ ಬರುವುದು ಅದಾದ ಮೇಲೆ. ಎಲೀಯ ಮೊಣಕಾಲುಗಳ ನಡುವೆ ಮುಖವಿಟ್ಟು ಕೂರುತ್ತಾನೆ. ಆಳನ್ನು ಸಮುದ್ರದ ಕಡೆ ನೋಡಲು ಕಳಿಸುತ್ತಾನೆ. ಏನೂ ಇಲ್ಲ. ಮತ್ತೆ ಹೋಗು. ಏಳನೇ ಸಲ, ಅಂಗೈಯಷ್ಟು ಸಣ್ಣ ಮೋಡ ಸಮುದ್ರದಿಂದ ಏಳುತ್ತಿದೆ ಅನ್ನುತ್ತಾನೆ. ಅಲ್ಲಿ ಮಳೆ ಬರುವುದು ಪಶ್ಚಿಮದ ಮೆಡಿಟರೇನಿಯನ್ ಸಮುದ್ರದ ಕಡೆಯಿಂದಲೇ. ಕಥೆ ಬರೆದವನಿಗೆ ಆ ಆಕಾಶ ಚೆನ್ನಾಗಿ ಗೊತ್ತಿತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ, ಪ್ರಕೃತಿಯ ಅಬ್ಬರದಲ್ಲಿ ದೇವರ ಬಲ ಕಾಣುತ್ತದೆ ಅನ್ನುವುದೇ ಪಾಠವಾಗುತ್ತಿತ್ತು. 19ನೇ ಅಧ್ಯಾಯ ಅದನ್ನು ತಿರುಗಿಸಿ ಹಾಕುತ್ತದೆ. ಈಜೆಬೆಲಳಿಗೆ ಹೆದರಿ ಓಡಿದ ಎಲೀಯ ಹೋರೇಬ್ ಬೆಟ್ಟದ ಗವಿಯಲ್ಲಿದ್ದಾನೆ. ಬಂಡೆ ಸೀಳುವ ಗಾಳಿ ಬೀಸುತ್ತದೆ, ದೇವರು ಅದರಲ್ಲಿರಲಿಲ್ಲ. ಭೂಕಂಪ ಆಗುತ್ತದೆ, ಅದರಲ್ಲೂ ಇರಲಿಲ್ಲ. ಬೆಂಕಿ ಬರುತ್ತದೆ, ಅದರಲ್ಲೂ ಇರಲಿಲ್ಲ. ಹಿಂದಿನ ಅಧ್ಯಾಯದಲ್ಲಿ ಬೆಂಕಿಯಿಂದ ಉತ್ತರ ಕೊಟ್ಟ ದೇವರು ಇಲ್ಲಿ ಬೆಂಕಿಯಲ್ಲಿಲ್ಲ. ಭೂಕಂಪವಾದ ತಕ್ಷಣ 'ದೇವರು ಇದರಲ್ಲಿದ್ದಾನೆ' ಅನ್ನುವವರು ಈ ವಾಕ್ಯಗಳನ್ನು ಓದಿಲ್ಲ, ಅಥವಾ ಓದಿ ಮರೆತಿದ್ದಾರೆ.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಅರ್ಧ ಬಂದಂತಾಯಿತು. ಉಳಿದರ್ಧಕ್ಕೆ ಎಲೀಯನನ್ನು ಬಿಟ್ಟು ಹೊರಗೆ ಬರಬೇಕು. ಹೀಬ್ರೂ ಗ್ರಂಥದಲ್ಲಿ ಕ್ಷಾಮಗಳು ಬಹಳ. ಅಬ್ರಹಾಮ, ಇಸಾಕ, ಯಾಕೋಬ ಮೂವರ ಮನೆಗೂ ಕ್ಷಾಮ ತಟ್ಟಿದೆ. ರೂತಳ ಕಥೆ ಶುರುವಾಗುವುದೇ ಬೇತ್ಲೆಹೇಮಿನ ಕ್ಷಾಮದಿಂದ. ಇವು ಯಾರ ಪಾಪದ ಫಲ ಅಂತ ಎಲ್ಲೂ ಹೇಳಿಲ್ಲ. ಬರ ಬಂತು, ಜನ ಗುಳೆ ಹೋದರು, ಅಷ್ಟೆ. ದಾವೀದನ ಕಾಲದ ಮೂರು ವರ್ಷದ ಕ್ಷಾಮಕ್ಕಾದರೋ ಹಿಂದಿನ ರಾಜ ಸೌಲ ಗಿಬ್ಯೋನ್ಯರೆಂಬ ಜನರನ್ನು ಕೊಂದದ್ದು ಕಾರಣ ಅಂತ 2 ಸಮುವೇಲ 21ರಲ್ಲಿದೆ. ಎಲ್ಲ ಬರವನ್ನೂ ಶಿಕ್ಷೆ ಅನ್ನುವ ನಿಯಮವನ್ನು ಈ ಗ್ರಂಥ ಮಾಡಿಲ್ಲ.

ಶಿಕ್ಷೆ ಅಂತ ಹೇಳಿದ ಕಡೆ ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡಬೇಕು. ಕ್ರಿ.ಪೂ. 8ನೇ ಶತಮಾನದ ಪ್ರವಾದಿ ಆಮೋಸ ತೆಕೋವ ಎಂಬ ಊರಿನ ಕುರಿ ಸಾಕುವವನು. ಕೊಯ್ಲಿಗೆ ಮೂರು ತಿಂಗಳಿರುವಾಗ ಮಳೆ ತಡೆದೆ, ಒಂದು ಊರಿಗೆ ಸುರಿಸಿ ಇನ್ನೊಂದು ಊರಿಗೆ ತಪ್ಪಿಸಿದೆ, ಮಿಡತೆ ಕಳಿಸಿದೆ, ಆದರೂ ನನ್ನ ಕಡೆ ತಿರುಗಲಿಲ್ಲ ಅಂತ ದೇವರ ಮಾತು ಸಾರುತ್ತಾನೆ. ಕಟುವಾದ ಮಾತು. ಆದರೆ ಕೇಳುತ್ತಿದ್ದವರು ಯಾರು? ದಂತದ ಮಂಚದ ಮೇಲೆ ಮಲಗಿದ್ದವರು, ಒಂದು ಜೋಡಿ ಕೆರಕ್ಕೆ ಬಡವನನ್ನು ಮಾರಿದವರು. ಬೆಳೆ ಹೋದ ರೈತನ ಮನೆ ಮುಂದೆ ನಿಂತು ಅವನು ಇದನ್ನು ಹೇಳಲಿಲ್ಲ. ನೋಹನ ಜಲಪ್ರಳಯದಲ್ಲೂ ಕಾರಣ ಅಂತ ಕೊಟ್ಟಿರುವುದು ಭೂಮಿ ತುಂಬ ಹಿಂಸೆ ತುಂಬಿತ್ತು ಅನ್ನುವುದು. ಅದಕ್ಕಿಂತ ಹಳೆಯ ಮೆಸೊಪಟೇಮಿಯಾದ ಅತ್ರಹಾಸಿಸ್ ಕಥೆಯಲ್ಲಿ ಮನುಷ್ಯರ ಗದ್ದಲಕ್ಕೆ ದೇವರಿಗೆ ನಿದ್ದೆ ಬರಲಿಲ್ಲ ಅಂತ ಪ್ರಳಯ ಬರುತ್ತದೆ. ಹೀಬ್ರೂ ಕಥೆ ನಿದ್ದೆಯ ಜಾಗದಲ್ಲಿ ನ್ಯಾಯವನ್ನು ಇಟ್ಟಿತು. ನನಗೆ ಇದು ಬಹಳ ದೊಡ್ಡ ಬದಲಾವಣೆ.

ಯೆರೆಮೀಯ 14ರ ಬರವನ್ನೂ ಓದಿ. ದೊಡ್ಡವರು ಆಳುಗಳನ್ನು ನೀರಿಗೆ ಕಳಿಸುತ್ತಾರೆ, ಅವರು ತೊಟ್ಟಿ ನೋಡಿ ಖಾಲಿ ಕೊಡ ಹೊತ್ತು ತಲೆ ಮುಸುಕಿಕೊಂಡು ಬರುತ್ತಾರೆ. ಹುಲ್ಲಿಲ್ಲದೆ ಜಿಂಕೆ ಈಗಷ್ಟೇ ಈದ ಮರಿಯನ್ನು ಬಿಟ್ಟು ಹೋಗುತ್ತದೆ. ಕಾಡುಕತ್ತೆಗಳು ಬೋಳುಗುಡ್ಡದ ಮೇಲೆ ನಿಂತು ಗಾಳಿಗೆ ಬಾಯಿಬಿಡುತ್ತವೆ. ಈ ಜನರಿಗಾಗಿ ಪ್ರಾರ್ಥಿಸಬೇಡ ಅಂತ ದೇವರೇ ತಡೆದರೂ ಯೆರೆಮೀಯ ಸುಮ್ಮನಾಗುವುದಿಲ್ಲ. 'ನಾವು ಪಾಪ ಮಾಡಿದ್ದೇವೆ' ಅನ್ನುತ್ತಾನೆ. ನೀವು ಅನ್ನುವುದಿಲ್ಲ, ನಾವು ಅನ್ನುತ್ತಾನೆ. ತೀರ್ಪಿನ ಮಾತಾಡುವ ಪ್ರವಾದಿಯನ್ನು ಗುರುತಿಸಲು ನಾನು ನೋಡುವುದು ಇದನ್ನೇ.

ಮಾಡಿದ್ದುಣ್ಣೋ ಮಹಾರಾಯ ಅನ್ನುವ ಲೆಕ್ಕವನ್ನು ನೇರವಾಗಿ ಮುರಿಯುವ ಪುಸ್ತಕ ಯೋಬ. ಮರುಭೂಮಿಯ ಗಾಳಿ ಮನೆ ಕೆಡವಿ ಯೋಬನ ಮಕ್ಕಳು ಸಾಯುತ್ತಾರೆ. ಗೆಳೆಯರು ಸಮಾಧಾನ ಹೇಳಲು ಬಂದು, ನಿನ್ನ ಮಕ್ಕಳು ಪಾಪ ಮಾಡಿರಬೇಕು, ನೀನೂ ಮಾಡಿರಬೇಕು ಅನ್ನುತ್ತಾರೆ. ಕೊನೆಗೆ ದೇವರಿಗೆ ಸಿಟ್ಟು ಬರುವುದು ಆ ಗೆಳೆಯರ ಮೇಲೆ. ನನ್ನ ಬಗ್ಗೆ ನೀವು ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. 38ನೇ ಅಧ್ಯಾಯದಲ್ಲಿ ಮಳೆಯ ಬಗ್ಗೆ ಒಂದು ಸಾಲಿದೆ. ಮನುಷ್ಯರೇ ಇಲ್ಲದ ಕಾಡಿನ ಮೇಲೆ ಮಳೆ ಸುರಿಸಿ, ಅಲ್ಲಿ ಹುಲ್ಲು ಚಿಗುರಿಸುವವನು ಯಾರು ಅಂತ ದೇವರು ಕೇಳುತ್ತಾನೆ. ಆ ಮಳೆ ಯಾರಿಗೂ ಬಹುಮಾನ ಅಲ್ಲ, ಯಾರಿಗೂ ಶಿಕ್ಷೆ ಅಲ್ಲ. ಧರ್ಮೋಪದೇಶಕಾಂಡ ಮಳೆಯನ್ನು ನಮ್ಮ ನಡತೆಗೆ ಕಟ್ಟಿತ್ತು. ಯೋಬ ಆ ಗಂಟು ಬಿಚ್ಚುತ್ತದೆ. ಎರಡೂ ಒಂದೇ ಗ್ರಂಥದಲ್ಲಿವೆ. ಒಂದನ್ನು ಮಾತ್ರ ಎತ್ತಿಕೊಂಡು ಇನ್ನೊಬ್ಬರ ನೋವಿನ ಮೇಲೆ ತೀರ್ಪು ಹೊರಿಸುವವರು ಆ ಗೆಳೆಯರ ಸಾಲಿನಲ್ಲಿ ಕೂರುತ್ತಾರೆ.

ಮುಂದಿನ ಶತಮಾನಗಳ ಯೆಹೂದ್ಯರು ಬರವನ್ನು ಹೇಗೆ ಎದುರಿಸಿದರು ಅನ್ನುವುದು ಮಿಷ್ನಾದ 'ತಾನೀತ್' ಭಾಗದಲ್ಲಿದೆ. ಮಳೆ ತಡವಾದರೆ ಉಪವಾಸ. ಇನ್ನೂ ಬಾರದಿದ್ದರೆ ಧರ್ಮಶಾಸ್ತ್ರದ ಪೆಟ್ಟಿಗೆಯನ್ನು ಊರ ಚೌಕಕ್ಕೆ ತಂದು ಅದರ ಮೇಲೆ ಬೂದಿ ಹಾಕುತ್ತಾರೆ. ಮೊದಲು ಬೂದಿ ಬೀಳುವ ತಲೆಗಳು ಜನನಾಯಕನದ್ದು ಮತ್ತು ನ್ಯಾಯಾಲಯದ ಮುಖ್ಯಸ್ಥನದ್ದು. ಆಮೇಲೆ ಉಳಿದವರದ್ದು. ಹಿರಿಯನೊಬ್ಬ ಎದ್ದು, ಸಹೋದರರೇ, ದೇವರು ನಿನೆವೆ ಪಟ್ಟಣದ ಜನರ ಗೋಣಿತಟ್ಟನ್ನೂ ಉಪವಾಸವನ್ನೂ ನೋಡಿದ ಅಂತ ಬರೆದಿಲ್ಲ, ಅವರು ಕೆಟ್ಟ ದಾರಿ ಬಿಟ್ಟದ್ದನ್ನು ನೋಡಿದ ಅಂತ ಬರೆದಿದೆ ಅನ್ನುತ್ತಾನೆ. ಅದೇ ಭಾಗದಲ್ಲಿ ನನಗೆ ತುಂಬ ಇಷ್ಟವಾದ ಇನ್ನೊಂದು ನಿಯಮವಿದೆ. ಸುಕ್ಕೋತ್ ಹಬ್ಬ ಮುಗಿದ ಕೂಡಲೇ ಮಳೆ ಕೇಳಬಹುದಲ್ಲ? ಬೇಡ, ಹದಿನೈದು ದಿನ ಬಿಟ್ಟು ಕೇಳಿ ಅನ್ನುತ್ತಾನೆ ರಬ್ಬಾನ್ ಗಮ್ಲಿಯೇಲ್ ಎಂಬ ಧರ್ಮಗುರು. ಹಬ್ಬಕ್ಕೆ ಬಂದ ಕೊನೆಯ ಯಾತ್ರಿಕ ಯೂಫ್ರೆಟಿಸ್ ನದಿ ಮುಟ್ಟುವವರೆಗೆ ದಾರಿಯಲ್ಲಿ ನೆನೆಯಬಾರದು. ಇಸ್ರೇಲಿನಲ್ಲಿ ಇವತ್ತಿಗೂ ಮಳೆಯ ಪ್ರಾರ್ಥನೆ ಶುರುವಾಗುವುದು ಯೆಹೂದ್ಯ ಪಂಚಾಂಗದ ಹೆಷ್ವಾನ್ ತಿಂಗಳ 7ನೇ ದಿನ, ಈ ಲೆಕ್ಕದ ಮೇಲೇ.

ಮುಂದೆ ಓದುವುದಾದರೆ 1 ಅರಸುಗಳು 18ಕ್ಕೆ ನಿಲ್ಲಿಸಬೇಡಿ. 21ರವರೆಗೂ ಓದಿ. ಅಲ್ಲಿ ಅಹಾಬ ನಾಬೋತ ಎಂಬ ರೈತನ ದ್ರಾಕ್ಷಿತೋಟವನ್ನು ತರಕಾರಿ ತೋಟ ಮಾಡಿಕೊಳ್ಳಲು ಕೇಳುತ್ತಾನೆ. ಅವನು ಪಿತ್ರಾರ್ಜಿತ ಕೊಡುವುದಿಲ್ಲ ಅನ್ನುತ್ತಾನೆ. ಸುಳ್ಳು ಸಾಕ್ಷಿ ಹೇಳಿಸಿ ಅವನನ್ನು ಕಲ್ಲೆಸೆದು ಕೊಲ್ಲಿಸುತ್ತಾರೆ. ಎಲೀಯ ಮತ್ತೆ ಬರುತ್ತಾನೆ. ಈ ಸಲ ಮಳೆ ನಿಲ್ಲಿಸುವುದಿಲ್ಲ, ಊರಿಗೆ ಬರ ತರಿಸುವುದಿಲ್ಲ. ನೇರವಾಗಿ ಆ ತೋಟಕ್ಕೆ ಹೋಗಿ ಅಹಾಬನೊಬ್ಬನ ಎದುರೇ ನಿಂತು, 'ಕೊಲೆಯನ್ನೂ ಮಾಡಿ ಆಸ್ತಿಯನ್ನೂ ಹೊಡೆದುಕೊಂಡೆಯಾ?' ಅಂತ ಕೇಳುತ್ತಾನೆ. ಅದರ ಜೊತೆಗೆ ಯೋಬನ 38ನ್ನೂ ಯೆರೆಮೀಯನ 14ನ್ನೂ ಇಟ್ಟುಕೊಂಡು ಓದಿ. ಆಮೇಲೂ ಪ್ರಶ್ನೆ ಉಳಿದರೆ ಖಂಡಿತ ಬರೆಯಿರಿ.